‘ಕಾಣ್ತದೆ’ ಎನ್ನುವ ಮಾತು

ನನ್ನ ಹೆಂಡತಿ ಉಡುಪಿ ಕಡೆಯವಳು, ನಾನು ಮೈಸೂರಿನವನು. ಮದುವೆಯಾದ ಹೊಸತರಲ್ಲಿ ಅವಳ ಮಾತಿನಲ್ಲಿ ನನಗೆ ಸಿಕ್ಕ ದೊಡ್ಡ ತಮಾಷೆಯೆಂದರೆ ‘ಕಾಣ್ತದೆ’. ನಾವು ‘ಅನ್ಸುತ್ತೆ’ ಎನ್ನುವ ಕಡೆಯಲ್ಲೆಲ್ಲ ಅವಳು ‘ಕಾಣ್ತದೆ’ ಎನ್ನುತ್ತಾಳೆ. ಹಾಲು ಒಡೆದಿದೆ ಕಾಣ್ತದೆ. ಪಕ್ಕದ ಮನೆಯವರು ಬಂದ್ರು ಕಾಣ್ತದೆ. ಗೋಡೆಯಾಚೆ ಬಂದವರು ನಿನಗೆ ಹೇಗೆ ಕಾಣ್ತದೆ ಎಂದು ನಾನು ಕಾಲೆಳೆಯುತ್ತಿದ್ದೆ. “ನಿಮ್ಮ ತಲೆ,” ಎಂದು ಹೇಳಿ ಅವಳು ಒಳಗೆ ಹೋಗುತ್ತಿದ್ದಳು. ನಾವು ಅಮೆರಿಕದ ಸ್ಯಾನ್ ಹೊಸೆಗೆ ಬಂದು ನೆಲೆಸಿ, ಮಗಳು ಇಲ್ಲೇ ಹುಟ್ಟಿ ಬೆಳೆದು ಬೇರೆ ಊರಿಗೆ ಓದಲು ಹೋದ ಮೇಲೂ ಈ ತಮಾಷೆ ಹಳತಾಗಿರಲಿಲ್ಲ.

ಅದು ನಿಂತದ್ದು ಅವಳ ಕಣ್ಣಿಗೆ ರೋಗ ಬಂದ ಮೇಲೆ.

ರೆಟಿನಾದ ತೊಂದರೆ. ನೋಡಬೇಕಾದ್ದರ ನಟ್ಟನಡುವೆ ಮಬ್ಬು ಕೂತುಬಿಡುತ್ತದೆ, ಸುತ್ತಲಿನದು ಮಾತ್ರ ಒಂದಿಷ್ಟು ಉಳಿಯುತ್ತದೆ. ಮೊದಲು ಅವಳು ಕಾರು ಓಡಿಸುವುದನ್ನು ಬಿಟ್ಟಳು. ಆಮೇಲೆ ಗ್ರೋಸರಿ ಅಂಗಡಿಯಲ್ಲಿ ಕೊತ್ತಂಬರಿಯನ್ನೂ ಪುದೀನವನ್ನೂ ಮೂಗಿಗೆ ಹಿಡಿದು ಆರಿಸತೊಡಗಿದಳು. ಯಾರಾದರೂ ಮಾತಾಡಿಸಿದರೆ ಅವರ ಕಿವಿಯ ಕಡೆ ನೋಡುತ್ತಿದ್ದಳು, ಹಾಗೆ ನೋಡಿದರೆ ಮುಖ ಸ್ವಲ್ಪ ಸಿಗುತ್ತಿತ್ತಂತೆ. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಕಣ್ಣಿಗೇ ಸೂಜಿ ಚುಚ್ಚುತ್ತಿದ್ದರು. ನಾನು ಹೊರಗೆ ಕೂತು ನನ್ನ ಕಣ್ಣು ಉಜ್ಜಿಕೊಳ್ಳುತ್ತಿದ್ದೆ.

ಒಂದು ದಿನ ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು, ಇನ್ನು ಸೂಜಿಯಿಂದ ಪ್ರಯೋಜನವಿಲ್ಲ ಎಂದರು. ನೋಡಬೇಕೆಂದು ಆಸೆಯಿರುವುದನ್ನೆಲ್ಲ ಈಗಲೇ ನೋಡಿಬಿಡಿ ಎಂದು ತುಂಬ ಮೆಲ್ಲಗೆ ಹೇಳಿದರು. ಅಷ್ಟು ಮೃದುವಾಗಿ ಹೇಳಿದರಲ್ಲ ಎಂದು ನನಗೆ ಅವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಅವಳು ಥ್ಯಾಂಕ್ಯೂ ಹೇಳಿ ಎದ್ದು ಬ್ಯಾಗು ತಡವಿ ತೆಗೆದುಕೊಂಡಳು.

ಕೈಕಟ್ಟಿ ಕೂರು ಎಂದರೆ ಕೂರುವ ಜಾತಿಯವನಲ್ಲ ನಾನು. ಅವತ್ತಿನಿಂದ ಶನಿವಾರ ಬಂತೆಂದರೆ ಅವಳನ್ನು ಕಾರಿಗೆ ಹತ್ತಿಸಿ ಹೊರಡುತ್ತಿದ್ದೆ. ಸಮುದ್ರ ತೋರಿಸಿದೆ, ಸೇತುವೆ ತೋರಿಸಿದೆ, ಗುಡ್ಡದ ತುಂಬ ಅರಳಿದ ಕಿತ್ತಳೆ ಬಣ್ಣದ ಹೂ ತೋರಿಸಿದೆ. ಒಂದೊಂದು ಕಡೆಯೂ ಅವಳನ್ನು ನಿಲ್ಲಿಸಿ, ಭುಜ ಹಿಡಿದು ತಿರುಗಿಸಿ, ಕಾಣುತ್ತಾ ಎಂದು ಕೇಳುತ್ತಿದ್ದೆ. ಹೂಂ ಎನ್ನುತ್ತಿದ್ದಳು. ಆ ಹೂಂ ಎಷ್ಟು ನಿಜ, ಎಷ್ಟು ನನ್ನ ಬಾಯಿ ಮುಚ್ಚಿಸಲು ಎಂದು ತಿಳಿಯದೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

“ನನ್ನನ್ನು ಎಂತಕ್ಕೆ ಹೀಗೆ ಊರೆಲ್ಲ ಎಳ್ಕೊಂಡು ಹೋಗ್ತೀರಿ?” ಎಂದು ಒಮ್ಮೆ ಫ್ರೀವೇಯಲ್ಲಿ ಕೇಳಿದಳು. “ನಂಗೆ ಪರೀಕ್ಷೆ ಉಂಟಾ?”

“ಈಗ್ಲೇ ನೋಡಿಬಿಡಿ ಅಂತ ಡಾಕ್ಟ್ರು ಹೇಳ್ಲಿಲ್ವಾ?”

“ಅವರು ಹೇಳಿದ್ದು ನಂಗೆ ಮಾರಾಯ್ರೆ. ನಿಮಗಲ್ಲ.”

ಕಾಡಿನ ದಾರಿಯನ್ನು ಹುಡುಕಿ ಕೊಟ್ಟವಳು ಮಗಳು. ಓಕ್ಲ್ಯಾಂಡಿನ ಮೇಲಿನ ಗುಡ್ಡಗಳಲ್ಲಿ ರೆಡ್‌ವುಡ್ ಮರಗಳ ನಡುವೆ ಸಣ್ಣದೊಂದು ನೇಚರ್ ಟ್ರೇಲು. “ತುಂಬ ಶಾರ್ಟು, ಫುಲ್ ಫ್ಲಾಟು, ಅಮ್ಮಂಗೆ ಓಕೆ,” ಎಂದು ಫೋನಿನಲ್ಲಿ ಹೇಳಿದಳು. ಹೋದಾಗ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಮರದಿಂದ ತೊಟ್ಟಿಕ್ಕುವ ನೀರು ನಮ್ಮ ಜಾಕೆಟ್ಟುಗಳ ಮೇಲೆ ಬೀಳುತ್ತಿತ್ತು. ದಾರಿ ಶುರುವಾಗುವಲ್ಲಿ ಮರದ ಪೆಟ್ಟಿಗೆಯೊಳಗೆ ಮಡಚಿದ ಕಾಗದಗಳಿದ್ದವು. ದಾರಿಯುದ್ದಕ್ಕೂ ನಂಬರು ಬರೆದ ಗಿಡ್ಡ ಕಂಬಗಳು, ಯಾವ ಕಂಬದ ಹತ್ತಿರ ಏನು ನೋಡಬೇಕೆಂದು ಆ ಕಾಗದದಲ್ಲಿ ಬರೆದಿತ್ತು. ನಾನು ಒಂದನ್ನು ತೆಗೆದುಕೊಂಡು ಮೇಷ್ಟ್ರಾದೆ. ಅವಳು ನನ್ನ ತೋಳು ಹಿಡಿದುಕೊಂಡಳು.

ಮೊದಲ ಕಂಬದ ಎದುರಿಗಿದ್ದದ್ದು ಒಂದು ಮುದಿ ರೆಡ್‌ವುಡ್. ನಾನು ಕಾಗದ ನೋಡಿಕೊಂಡು ಅದರ ಎತ್ತರ, ವಯಸ್ಸು ಎಲ್ಲ ಓದಿ ಹೇಳಿದೆ. ಅವಳು ಕತ್ತೆತ್ತಿ ಸ್ವಲ್ಪ ಹೊತ್ತು ಹಾಗೇ ನಿಂತಳು.

“ಭಾರೀ ದೊಡ್ಡ ಮರ ಕಾಣ್ತದೆ,” ಎಂದಳು.

ಎಷ್ಟೋ ತಿಂಗಳಿಂದ ನಾನಾಗಿ ಕೇಳದೆ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಮತ್ತೆ ಕೇಳಿದರೆ ಎಲ್ಲಿ ಹಿಂದೆ ತೆಗೆದುಕೊಂಡುಬಿಡುತ್ತಾಳೋ ಎಂದು ಹೆದರಿ ಸುಮ್ಮನೆ ಮುಂದೆ ನಡೆದೆ.

ಸ್ವಲ್ಪ ದೂರದಲ್ಲಿ ಒದ್ದೆ ಎಲೆಗಳ ಮೇಲೆ, ಚಿಪ್ಪಿಲ್ಲದ ಬಸವನಹುಳು ಒಂದು ಹರಿಯುತ್ತಿತ್ತು. ಈ ಕಡೆಯ ಕಾಡುಗಳಲ್ಲಿ ಮಾಮೂಲು, ಮಾಗಿದ ಬಾಳೆಹಣ್ಣಿನ ಬಣ್ಣ, ಗೇಣುದ್ದ. ನಾನು ಬೇಕೆಂದೇ ಬಣ್ಣ ಹೇಳಲಿಲ್ಲ. ಇಲ್ಲೊಂದು ಹುಳು ಇದೆ, ನೋಡು ಎಂದಷ್ಟೇ ಹೇಳಿದೆ. ಅವಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿದಳು.

“ಅದೇ ಹಳದಿಯದ್ದು ಕಾಣ್ತದೆ,” ಎಂದಳು.

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಹಳದಿ ಕಂಡಿದೆ. ನಾನು ಹೇಳದೇ ಇದ್ದ ಹಳದಿ. ಕಾಗದ ಓದುವ ನೆಪದಲ್ಲಿ ಮುಖ ಮುಚ್ಚಿಕೊಂಡು ನಡೆಯುತ್ತ ನಾನು ಮನಸ್ಸಿನಲ್ಲೇ ಆ ಡಾಕ್ಟರಿಗೆ ಚೆನ್ನಾಗಿ ಬೈದೆ.

ಮರದ ಸಣ್ಣ ಸೇತುವೆ ದಾಟಿದ ಮೇಲೆ ಅವಳೇ ನಿಂತಳು. “ಇಲ್ಲಿ ಒಂದು ಮರ ಬಿದ್ದಿದೆ ಕಾಣ್ತದೆ,” ಎಂದಳು. ನಾನು ಕಾಗದದಿಂದ ತಲೆಯೆತ್ತಿದೆ. ದಾರಿಯ ಎಡಗಡೆ, ನನಗಿಂತ ಎತ್ತರದ ಬೇರಿನ ಗುಡ್ಡೆಯನ್ನೇ ಎಬ್ಬಿಸಿಕೊಂಡು ಮರವೊಂದು ಉದ್ದಕ್ಕೆ ಮಲಗಿತ್ತು. ಎರಡು ನೆಟ್ಟಗಿನ ಕಣ್ಣಿರುವ ನಾನು ಅದನ್ನು ನೋಡಿರಲಿಲ್ಲ.

ಇನ್ನು ನನ್ನನ್ನು ಹಿಡಿಯುವವರಿಲ್ಲ. ಸೋಮವಾರವೇ ಪಾಲೋ ಆಲ್ಟೋದ ಬೇರೆ ಡಾಕ್ಟರಿಗೆ ಫೋನು ಮಾಡುತ್ತೇನೆ, ಸೂಜಿ ನಿಲ್ಲಿಸಿದ್ದೇ ತಪ್ಪು, ಮತ್ತೆ ಶುರುಮಾಡಿಸೋಣ, ಆಫೀಸಿಗೆ ರಜೆ ಹಾಕುತ್ತೇನೆ ಎಂದು ಒಂದೇ ಸಮನೆ ಬಡಬಡಿಸಿದೆ. ಅವಳ ಕೈ ನನ್ನ ತೋಳಿನಿಂದ ಜಾರಿತು.

“ಇನ್ನು ಸೂಜಿ ಅಂದ್ರೆ ನಾನು ಬರುದಿಲ್ಲ,” ಎಂದಳು. “ಸಾಕಾಗಿದೆ ನಂಗೆ.”

“ನಿಂಗೆ ಕಾಣ್ತಿದೆ ಕಣೇ. ನೀನೇ ಹೇಳ್ತಿದೀಯಲ್ಲ, ಬಂದಾಗಿನಿಂದ.”

“ನಾನು ಎಂತ ಹೇಳಿದೆ?”

“ದೊಡ್ಡ ಮರ ಕಾಣ್ತದೆ ಅಂದೆ. ಹಳದಿಯದ್ದು ಕಾಣ್ತದೆ ಅಂದೆ. ಈಗ ಇದು.”

ಅವಳ ದನಿ ಮಗುವಿಗೆ ಸಮಾಧಾನ ಹೇಳುವವರ ದನಿಯಾಯಿತು. ನನಗೆ ಆಗಲೇ ಗೊತ್ತಾಗಬೇಕಿತ್ತು.

“ಅಯ್ಯೋ ಮಾರಾಯ್ರೆ,” ಎಂದಳು. “ಅದು ಆ ಕಾಣ್ತದೆ ಅಲ್ಲ.”

ಮರ ದೊಡ್ಡದೆಂದು ನಾನೇ ಓದಿ ಹೇಳಿದ್ದೆನಂತೆ. ಕಾಡಿನ ಹುಳು ಹಳದಿಯೆಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ, ಮಗಳು ಶಾಲೆಯಲ್ಲಿ ಅದರ ಚಿತ್ರ ಎಷ್ಟು ಬರೆದು ತಂದಿದ್ದಳು ಎಂದಳು. ಮತ್ತೆ ಈ ಬಿದ್ದ ಮರ? “ಅಲ್ಲಿವರೆಗೆ ಮೈಯೆಲ್ಲ ಥಂಡಿ ಇತ್ತು. ಇಲ್ಲಿಗೆ ಬಂದ ಕೂಡಲೇ ಮುಖಕ್ಕೆ ಬಿಸಿಲು ಬಿತ್ತು. ಮೇಲೆ ಮರ ಇಲ್ಲದಿದ್ರೆ ತಾನೇ ಬಿಸಿಲು ಬರುದು.”

ನಿಜ, ಮಂಜು ಕರಗಿತ್ತು. ಮರ ಬಿದ್ದ ಜಾಗದಲ್ಲಿ ಆಕಾಶ ತೆರೆದುಕೊಂಡು, ಅಲ್ಲಿಯವರೆಗೂ ಎಲ್ಲೂ ಇಲ್ಲದ ಬಿಸಿಲು ನಮ್ಮ ಮೇಲೆ ಸುರಿಯುತ್ತಿತ್ತು. ಜೀವಮಾನವೆಲ್ಲ ನಾನು ಹಾಸ್ಯ ಮಾಡಿದ ಮಾತು, ಅದರ ಅರ್ಥ ನನಗಿಂತ ಚೆನ್ನಾಗಿ ಇನ್ನಾವ ಮೈಸೂರಿನವನಿಗೆ ಗೊತ್ತಿರಬೇಕು? ಆದರೂ ನನಗೆ ಬೇಕಾದ ಅರ್ಥವನ್ನೇ ಬಾಚಿಕೊಂಡಿದ್ದೆ. ಬಿದ್ದ ಮರದ ಎದುರಿಗೊಂದು ಬೆಂಚಿತ್ತು. ಅದರ ಮೇಲೆ ಕೂತೆ. ಅವಳನ್ನೂ ಕೈಹಿಡಿದು ಪಕ್ಕದಲ್ಲಿ ಕೂರಿಸಿದೆ.

ಇನ್ನು ಏನೂ ಇಲ್ಲ ಎಂದು ನನಗೆ ಆಗ ಅರ್ಥವಾಯಿತು. ತೋರಿಸಲು ಸಮುದ್ರವಿಲ್ಲ, ಫೋನು ಮಾಡಲು ಡಾಕ್ಟರಿಲ್ಲ. ಅಳು ಬಂತು. ಅವಳಿಗೆ ಕೇಳಿಸಬಾರದೆಂದು ಕೆಳತುಟಿ ಕಚ್ಚಿಕೊಂಡೆ. ಅದು ಒಳಗೇ ಉಮ್ಮಳಿಸಿ ಭುಜ ಅಲುಗಿತು, ಮೂಗಿನಿಂದ ತುಂಡು ತುಂಡಾಗಿ ಉಸಿರು ಬಂತು. ಕಣ್ಣೀರು ಗಲ್ಲದಿಂದ ಇಳಿದು ಕೈಯಲ್ಲಿದ್ದ ಕಾಗದದ ಮೇಲೆ ಬೀಳುತ್ತಿತ್ತು.

ಅವಳು ನನ್ನ ಕಡೆ ಪೂರ್ತಿ ತಿರುಗಿದಳು. ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬಿಸಿಲು ನೇರ ನನ್ನ ಮೇಲೇ ಬೀಳುತ್ತಿತ್ತು. ಕಿವಿಯ ಕಡೆ ನೋಡುವ ಅಭ್ಯಾಸವನ್ನೂ ಅವಳು ಯಾವಾಗಲೋ ಬಿಟ್ಟಿದ್ದಾಳೆಂದು ನಾನು ಗಮನಿಸಿದ್ದು ಆಗಲೇ. ಕಣ್ಣು ಸೀದಾ ನನ್ನನ್ನೇ ನೋಡುವ ಹಾಗೆ ನೆಟ್ಟಿತ್ತು.

“ನಗ್ತಾ ಇದ್ದೀರಿ ಕಾಣ್ತದೆ,” ಎಂದಳು.

ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು. ಹಳೆಯ ತಮಾಷೆ ನೆನಪಾಗಿ ನಾನು ನಗುತ್ತಿದ್ದೇನೆ ಎಂದುಕೊಂಡು ಅವಳಿಗೂ ನಗು ಬರುತ್ತಿತ್ತು. ನಾನು ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡೆ. ಗಂಟಲು ಸರಿಮಾಡಿಕೊಂಡು, ಹಿಂದೆ ಹೇಗೆ ಕೇಳುತ್ತಿದ್ದೆನೋ ಹಾಗೇ ಕೇಳಿದೆ.

“ನಿನಗೆ ಹೇಗೆ ಕಾಣ್ತದೆ?”

“ನಿಮ್ಮ ತಲೆ,” ಎಂದು ಅವಳು ನಗುತ್ತ ಎದ್ದಳು. “ಹೋಗುವ, ಇನ್ನು ಎಷ್ಟು ಕಂಬ ಉಂಟೋ. ಓದಿ ಹೇಳಿ.”

ನನ್ನ ತೋಳಿಗೆಂದು ಕೈ ಚಾಚಿದಳು. ಕೈ ನನ್ನನ್ನು ಬಿಟ್ಟು ಪಕ್ಕದ ಗಾಳಿಯಲ್ಲಿ ನಿಂತಿತು. ನಾನು ಸರಿದು, ತೋಳನ್ನು ಅದು ಇದ್ದಲ್ಲಿಗೆ ತಂದೆ.