ಸೋಲಿನ ಕಾಲಮ್ಮಿನಲ್ಲಿ ಸೊನ್ನೆ

ನಮ್ಮ ಆಫೀಸಿನ ಸರ್ವೇಯರ್ ಕಾಲಿನ್‌ಗೆ ಅವನ ಅಕ್ಕ ಆಸ್ಟ್ರೇಲಿಯಾದಿಂದ ಕಳಿಸುತ್ತಿದ್ದ ಜಾಮ್ ಬಾಟಲಿಗಳು ದೋಹಾದವರೆಗೂ ಒಡೆಯದೆ ಬರುತ್ತಿದ್ದದ್ದು, ಅವುಗಳ ಮೈಗೆ ಸುತ್ತಿದ ಹಳೆಯ ಪತ್ರಿಕೆಗಳ ದಯೆಯಿಂದ. ಈ ಮನುಷ್ಯ ಜಾಮನ್ನು ನಮಗೆ ಹಂಚಿಬಿಟ್ಟು, ಸುಕ್ಕುಗಟ್ಟಿದ ಕಾಗದವನ್ನು ಮಾತ್ರ ತಾನಿಟ್ಟುಕೊಂಡು, ಮೇಜಿನ ಮೇಲೆ ಹರಡಿ ಅಂಗೈಯಿಂದ ಇಸ್ತ್ರಿ ಮಾಡಿ ಓದುತ್ತಿದ್ದ. ತೊಂಬತ್ತರ ದಶಕದ ನಡುಭಾಗ. ಊರಿನ ಸುದ್ದಿ ತಿಂಗಳು ತಡವಾಗಿ ಬಂದರೂ ಅದು ನಮಗೆಲ್ಲ ತಾಜಾ.

ಒಂದು ದಿನ ಆ ಕಾಗದದಲ್ಲಿ ಒಂದು ಪಟ್ಟಿಯಿತ್ತು. ಮೊಟ್ಟೆಯಾಕಾರದ ಚೆಂಡಿನಲ್ಲಿ ಆಡುವ ಅವರ ದೇಶದ ಫುಟ್‌ಬಾಲಿನ ಒಂದು ಕ್ಲಬ್ಬಿನ ಈಗಿನ ಕೋಚನ್ನು ಹಿಂದಿನ ಕೋಚುಗಳ ಪಕ್ಕ ನಿಲ್ಲಿಸಿ, ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಅಳೆದಿದ್ದರು. ಕಾಲಿನ್ ಮುಖ ಕೆಂಪೇರಿತ್ತು. "ಇವನ ಕೈಗೆ ಬಂದದ್ದು ಅರ್ಧ ಜನ ಗಾಯಾಳುಗಳಿದ್ದ ತಂಡ. ಅದಕ್ಕೆ ಕಾಲಂ ಎಲ್ಲಿದೆ, ತೋರಿಸು!" ಎಂದು ನಾನೇ ಬರೆದವನೇನೋ ಎಂಬಂತೆ ರೇಗಿದ. ಅವನ ಸಿಟ್ಟು ನನಗೆ ತಟ್ಟಲಿಲ್ಲ, ಪಟ್ಟಿ ತಟ್ಟಿತು. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಪರ್ಚೇಸ್ ಆರ್ಡರ್ ಟೈಪ್ ಮಾಡಲು ಮರಳುಗಾಡಿಗೆ ಬಂದವನಿಗೆ ಒಂದು ಅಚ್ಚುಕಟ್ಟಾದ ಪಟ್ಟಿ ಎಷ್ಟು ಚೆಲುವಾಗಿ ಕಾಣುತ್ತದೆಂದು ನಿಮಗೆ ಹೇಗೆ ತಿಳಿಸಲಿ?

ನಮಗೂ ಒಂದು ಕ್ಲಬ್ಬಿತ್ತು, ಗೆಳೆಯರೇ. ಶುಕ್ರವಾರ ಜುಮ್ಮಾ ನಮಾಜು ಮುಗಿದು, ಊಟವೂ ಆಗಿ, ಬಿಸಿಲು ತುಸು ಇಳಿದ ಮೇಲೆ, ದೋಹಾದ ಅಂಚಿನ ಥುಮಾಮಾದ ಖಾಲಿ ಜಾಗದಲ್ಲಿ ನಾಲ್ಕು ಕಲ್ಲಿಟ್ಟು ದುಂಡು ಚೆಂಡಿನ ಫುಟ್‌ಬಾಲ್ ಆಡುವ ಕರಾವಳಿಯ ಜನ. ಕೋಚ್ ಹಮೀದಾಕ, ಉಳ್ಳಾಲದವರು, ಊಟ ಸರಬರಾಜು ಮಾಡುವ ಕಂಪೆನಿಯೊಂದರಲ್ಲಿ ವ್ಯಾನ್ ಡ್ರೈವರ್. ವಾರವಿಡೀ ಯಾರ್ಯಾರದೋ ಅನ್ನ ಹೊತ್ತು ತಿರುಗುವ ಅವರಿಗೆ 'ಇದು ನನ್ನದು' ಎನ್ನಲು ಇದ್ದದ್ದು ಆ ಎರಡು ಗಂಟೆ ಮಾತ್ರ. ಆ ವರ್ಷ ತಂಡ ಸೋಲುತ್ತಿತ್ತು. ಕಾರ್ಯದರ್ಶಿ ಜಯರಾಮಣ್ಣ ನನ್ನನ್ನು ಬದಿಗೆ ಕರೆದರು.

"ನೀವು ಯುನಿವರ್ಸಿಟಿಯಲ್ಲಿ ಕಲ್ತವರಲ್ವಾ ಮಾರಾಯ್ರೇ, ಹಳೆ ಕೋಚ್ ಸದಾನಂದಣ್ಣನಿಗೂ ಹಮೀದಾಕನಿಗೂ ಒಂದು ಕಂಪ್ಯಾರಿಸನ್ ಮಾಡಿ ಕೊಡಿ. ಬಾಯಲ್ಲಿ ಹೇಳಿದ್ರೆ ಬೇಜಾರಾಗ್ತದೆ. ಕಾಗದ ಹೇಳಿದ್ರೆ ಯಾರಿಗೂ ಬೇಜಾರಿಲ್ಲ."

ಮಾಡಿಕೊಟ್ಟೆ. ಹಮೀದಾಕನ ಸೋಲುಗಳನ್ನು ಹುಡುಕಬೇಕಾಗಿರಲಿಲ್ಲ. ಹೋದ ತಿಂಗಳ ಗಾಯ ಎಲ್ಲರ ಮೊಣಕಾಲಿನ ಮೇಲೂ ಇತ್ತು. ಸದಾನಂದಣ್ಣ ಊರಿಗೆ ಮರಳಿ ನಾಲ್ಕು ವರ್ಷವಾಗಿತ್ತು, ಆ ಕಾಲದ ದಾಖಲೆ ಯಾರಲ್ಲೂ ಇರಲಿಲ್ಲ. ಅವರು ಸೋತಿದ್ದು ನನಗೆ ನೆನಪಿರಲಿಲ್ಲ. ನನ್ನ ನೆನಪನ್ನು ನಾನೇ ನಂಬುವವನಲ್ಲ, ಆದ್ದರಿಂದ ಐದು ಜನರನ್ನು ಕೇಳಿದೆ. "ಸದಾನಂದಣ್ಣ ಇರುವಾಗ ನಾವು ಸೋತದ್ದುಂಟಾ?" ಎಂದು ಐವರೂ ನನ್ನನ್ನೇ ತಿರುಗಿ ಕೇಳಿದರು. ಐದು ಸಾಕ್ಷಿ ಒಂದೇ ಮಾತು ಹೇಳಿದರೆ ಸಂಶಯ ಹೆಚ್ಚಬೇಕಾದದ್ದು ನ್ಯಾಯ; ನನ್ನದು ತಣ್ಣಗಾಯಿತು. ಸದಾನಂದಣ್ಣನ ಸೋಲಿನ ಕಾಲಮ್ಮಿನಲ್ಲಿ ದುಂಡಗೆ ಸೊನ್ನೆ ಬರೆದು, ನಾವು ಊಟ ಮಾಡುವ ಹೋಟೆಲಿನ ಗೋಡೆಗೆ ಅಂಟಿಸಿದೆ. ಹಮೀದಾಕ ಓದಿದರು. "ಅಕ್ಷರ ಚಂದ ಉಂಟು" ಎಂದರು. ಮುಂದಿನ ಶುಕ್ರವಾರ ಹತ್ತು ನಿಮಿಷದ ಮೀಟಿಂಗು. ಅವರು ಕೋಚ್ ಅಲ್ಲವೆಂದಾಯಿತು.

ತಿಂಗಳ ನಂತರ ರಜೆ ಮುಗಿಸಿ ಬಂದ ಗೆಳೆಯನೊಬ್ಬ ಫೋಟೋಗಳನ್ನು ತಂದ. ಒಂದರಲ್ಲಿ ಸದಾನಂದಣ್ಣ ತಮ್ಮ ಹೊಸ ಮನೆಯಲ್ಲಿ ಕುಳಿತಿದ್ದಾರೆ. ಹಿಂದಿನ ಗೋಡೆಯಲ್ಲಿ ನಾವು ಕೊಟ್ಟ ಶೀಲ್ಡು. ಅದರ ಮೇಲೆ 'ಸೋಲನ್ನೇ ಅರಿಯದ ತರಬೇತುದಾರರಿಗೆ ಪ್ರೀತಿಯಿಂದ'. ಓದುತ್ತಿದ್ದಂತೆ ಕಿವಿ ಬಿಸಿಯಾಯಿತು. ಆ ಸಾಲು ಬರೆದವನು ನಾನು.

ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವನಿಗೆ ಇಲ್ಲಿ ಒಂದು ಸೆಂಡಾಫ್ ಆಗಲೇಬೇಕು: ಒಂದು ಬಿರಿಯಾನಿ, ಒಂದು ಶೀಲ್ಡು, ಏಳೆಂಟು ಭಾಷಣ. ಅಲ್ಲಿ ನಿಜ ಹೇಳುವುದು ಹೆಣದೆದುರು ಜಗಳ ತೆಗೆದಷ್ಟೇ ಅಸಭ್ಯ. ನಾನು ಆಗ ದೋಹಾಕ್ಕೆ ಬಂದು ಮೂರು ತಿಂಗಳಾಗಿತ್ತು, ಸದಾನಂದಣ್ಣನ ತಂಡ ಆಡಿದ್ದನ್ನು ಎರಡು ಸಲ ನೋಡಿದ್ದೆನೋ ಇಲ್ಲವೋ. ಕನ್ನಡ ಚೆನ್ನಾಗಿ ಬರೆಯುತ್ತಾನೆಂದು ಪೆನ್ನು ಕೊಟ್ಟರು, ಬರೆದೆ. ಮೈಕಿನಲ್ಲಿ ಓದಿದರು, ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಆ ಸಾಲನ್ನು ತಮ್ಮ ತಮ್ಮ ನೆನಪಿನೊಳಗೆ ಇಟ್ಟುಕೊಂಡವು. ನನ್ನ ಐದು ಸಾಕ್ಷಿಗಳೂ ನನ್ನನ್ನೇ ನನಗೆ ಓದಿ ಹೇಳಿದ್ದರು. ಎಂಎಸ್ಸಿಯಂತೆ! ಕಾಲಿನ್ ಜಾಮ್ ಬಾಟಲಿಯ ಕಾಗದದ ಮೇಲೆ ಬೆರಳೂರಿ ಕೇಳಿದ 'ಅದಕ್ಕೆ ಕಾಲಂ ಎಲ್ಲಿದೆ' ಎಂಬ ಪ್ರಶ್ನೆಯನ್ನು ನಾನು ಒಮ್ಮೆಯಾದರೂ ಕೇಳಿಕೊಂಡಿದ್ದೆನೇ? ಹೋದವನ ಅಂಗಿ ಇಸ್ತ್ರಿಯಾಗಿ ಗೋಡೆಯಲ್ಲಿ ತೂಗುತ್ತದೆ, ಇರುವವನ ಅಂಗಿ ಬೆವರು ನಾರುತ್ತದೆ. ಎರಡನ್ನೂ ಮೂಸಿ ತೀರ್ಪು ಕೊಡುವ ನಮ್ಮ ಮೂಗುಗಳನ್ನು ಕೊಯ್ದು ಹಾಕಬೇಕು, ನನ್ನದನ್ನು ಮೊದಲು.

ಜಯರಾಮಣ್ಣನ ಮನೆಗೆ ಹೋಗಿ ಕೂಗಾಡಿದೆ. ಅವರು ಕದಲಲಿಲ್ಲ. "ಈಗ ಎಂತ ಮಾಡುದು? ಊರಿಗೆ ಫೋನ್ ಮಾಡಿ ಶೀಲ್ಡ್ ವಾಪಸ್ ಕೇಳುದಾ?"

"ಹಮೀದಾಕನನ್ನು ಮತ್ತೆ ಕರೆಯಿರಿ."

"ಖಲಾಸ್ ಮಾರಾಯ್ರೇ. ಹೊಸ ಕೋಚಿಗೆ ಟೀ ಶರ್ಟ್ ಸಮೇತ ಆಗಿದೆ. ಹಮೀದಾಕ ಊರಿಗೆ ಹೋಗುವಾಗ ಅವರಿಗೂ ನೀವೇ ಒಂದು ಒಳ್ಳೆ ಸಾಲು ಬರೀರಿ, ಸಮ ಆಗ್ತದೆ."

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಆದರೆ ತಪ್ಪಿದ್ದದ್ದು ಆ ಐವರಿಗೆ ನಾನು ಕೇಳಿದ ಪ್ರಶ್ನೆಯಲ್ಲಿ ಎಂಬುದೂ ಹೊಳೆಯಿತು. ಮತ್ತೆ ಅದೇ ಐವರ ಬಳಿಗೆ ಹೋದೆ. ಸೋತಿದ್ದೀರಾ ಎಂದು ಕೇಳಲಿಲ್ಲ. ಗೋಲ್‌ಕೀಪರನಿಗೆ "ನಿನ್ನ ಬೆರಳು ಮುರಿದದ್ದು ಯಾವಾಗ?" ಎಂದೆ, ಅವನು ಬೆರಳಿನ ಜೊತೆ ಮೂರು ಗೋಲುಗಳ ಒಂದು ಸೋಲನ್ನೂ ಹೇಳಿದ. ಇನ್ನೊಬ್ಬನಿಗೆ "ರೆಫರಿ ಮೇಲೆ ಚಪ್ಪಲಿ ಎಸೆದೆಯಂತಲ್ಲ?" ಎಂದೆ, ಅವನು ನಾಚುತ್ತಾ ಮತ್ತೊಂದು ಸೋಲು ಕೊಟ್ಟ. ಹೀಗೆ ಸೊನ್ನೆಯ ಜಾಗದಲ್ಲಿ ಏಳು ಸೋಲು ನಿಂತವು. ಅವುಗಳಲ್ಲಿ ಹೆಚ್ಚಿನವು ಅರ್ಧ ತಂಡ ರಜೆಯಲ್ಲಿ ಊರು ಸೇರುವ ಬೇಸಿಗೆಯವು. ಹೊಸ ಪಟ್ಟಿ ಬರೆದು, ಕೆಳಗೆ 'ಮೊದಲಿನದು ಸುಳ್ಳು, ಬರೆದವನು ನಾನು' ಎಂದು ಸಹಿ ಹಾಕಿ, ಅದೇ ಗೋಡೆಗೆ ಅಂಟಿಸಿದೆ. ಯಾರೋ ಹರಿದರು. ಮತ್ತೆ ಬರೆದು ಅಂಟಿಸಿದೆ.

ಶುಕ್ರವಾರ ಹಮೀದಾಕ ಊಟಕ್ಕೆ ಬಂದರು. ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿ, ಒಂದು ಕಡೆ ನಿಂತರು.

"ಇದು ಯಾಕೆ ಸದಾನಂದನ ಹೆಸರಲ್ಲಿ? ಆ ಬೇಸಿಗೆ ಅವ ಊರಲ್ಲಿದ್ದ. ಟೀಮ್ ಇಳಿಸಿದ್ದು ನಾನು."

"ಕೋಚ್ ಅವರೇ ತಾನೆ, ಹಮೀದಾಕ?"

"ಆಡಿಸಿದ್ದು ಯಾರು? ಪೆನ್ ಕೊಡಿ."

ಕೊಟ್ಟೆ. ಅವರು ಆ ಸೋಲನ್ನು ಸದಾನಂದಣ್ಣನ ಕಡೆ ಹೊಡೆದುಹಾಕಿ, ತಮ್ಮ ಕಡೆ ಬರೆದುಕೊಂಡರು. ಸ್ವಲ್ಪ ಯೋಚಿಸಿ, ಅದರ ಕೆಳಗಿನದನ್ನೂ. "ಸಾಕು, ಇತ್ತ ಕೊಡಿ" ಎಂದು ನಾನು ಸಿಟ್ಟಿನಿಂದ ಕೈ ಚಾಚಿದೆ. ಅವರು ಮೂರನೆಯದರ ಮೇಲೆ ಬೆರಳಿಟ್ಟುಕೊಂಡು, ಆ ದಿನ ಯಾರ್ಯಾರು ಆಡಿದ್ದರೆಂದು ಒಬ್ಬೊಬ್ಬರನ್ನೇ ನೆನಪು ಮಾಡಿಕೊಳ್ಳುತ್ತಿದ್ದರು.