ಗುಂಡಿ ಒತ್ತಿದರೆ ಸುಮ್ಮನಾಗುವ ಕ್ಷೌರಿಕ

ಬೀದಿಯ ತಿರುವಿನಲ್ಲಿದ್ದ ಆ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಒಂದು ಬೆಂಚು. ಇವೆಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದುದು ಅಂಗಡಿಯವನ ಮಾತು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವಾಗ ಶುರುವಾದ ಕಥೆ ಎರಡೂ ಕೆನ್ನೆ ದಾಟಿ, ಗದ್ದ ಇಳಿದು, ಸರಿಯಾಗಿ ಗಂಟಲ ಹತ್ತಿರ ಬಂದಾಗ ರಂಗೇರುತ್ತಿತ್ತು. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ? ತನ್ನ ಕಥೆಗಾಗಿಯೇ ಜನ ಬರುತ್ತಾರೆ ಎಂದು ಅವನು ನಂಬಿದ್ದ.

ಐವತ್ತು ದಾಟುತ್ತಿದ್ದಂತೆ ಅಂಥವನ ಬಲಗೈ ನಡುಗತೊಡಗಿತು. ಮೊದಲು ಲೋಟದಲ್ಲಿನ ಚಹಾ ತುಳುಕಿತು, ಆಮೇಲೆ ಕತ್ತರಿ ತಾನೇ ತಾನಾಗಿ ತಾಳ ಹಾಕಿತು. ಬಲಗೈಗೆ ಬೇಜಾರಾಗದಿರಲಿ ಎಂದೋ ಏನೋ, ಎಡಗೈಯೂ ಜೊತೆಗೂಡಿತು. ಗಿರಾಕಿಗಳು ಅವನಿಗೆ ‘ಭೂಕಂಪ’ ಎಂದು ಹೆಸರಿಟ್ಟರು. ಕಿವಿಯ ಮೇಲೆ ಆಸೆಯಿದ್ದವರೆಲ್ಲ ಬೇರೆ ಅಂಗಡಿ ನೋಡಿಕೊಂಡರು. ಉಳಿದವರು ರಿಟೈರಾದ ಪೋಸ್ಟ್‌ಮಾಸ್ಟರ್ ಒಬ್ಬರೇ. ಅವರ ತಲೆಯಲ್ಲಿ ಕೂದಲಿರಲಿಲ್ಲ, ಬೆಂಚಿನ ಮೇಲೆ ಕೂತು ಕಥೆ ಕೇಳಿ ಎದ್ದು ಹೋಗುತ್ತಿದ್ದರು.

ಮಾತ್ರೆಗಳೆಲ್ಲ ಸೋತ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒಂದು ಹೊಸ ಪ್ರಯೋಗದ ವಿಷಯ ತೆಗೆದರು. ಮಿದುಳಿನೊಳಗೆ ಎರಡು ತೆಳ್ಳನೆಯ ತಂತಿ, ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಬ್ಯಾಟರಿ, ಆನ್-ಆಫ್ ಮಾಡಲು ಒಂದು ರಿಮೋಟು.

“ನಡುಕ ನಿಲ್ಲಬಹುದು. ಗ್ಯಾರಂಟಿ ಕೊಡಲ್ಲ.”

“ನಮ್ಮ ಟೀವಿ ರಿಪೇರಿಯವನೂ ಹೀಗೇ ಹೇಳಿದ್ದ, ಮೇಡಂ. ಈಗ ಟೀವಿ ಮೇಲೆ ಹೂದಾನಿ ಇಟ್ಟಿದ್ದೀವಿ.”

ಆದರೂ ಒಪ್ಪಿಕೊಂಡ. ಕೈ ಕೆಟ್ಟ ಕ್ಷೌರಿಕ ತಲೆ ಜೋಪಾನ ಮಾಡಿ ಏನು ಮಾಡಬೇಕು?

ಆಪರೇಷನ್ನಿಗಿಂತ ಅವನನ್ನು ಹೆಚ್ಚು ನೋಯಿಸಿದ್ದು ಅದಕ್ಕೆ ಮೊದಲು ತಲೆ ಬೋಳಿಸಿದ ವಾರ್ಡ್ ಬಾಯ್. “ಕೂದಲು ಯಾವ ಕಡೆ ಬೆಳೆದಿದೆ ಅಂತ ನೋಡಯ್ಯಾ! ಇದೇನು ತಲೆಯೋ, ತೆಂಗಿನಕಾಯೋ?” ಎಂದು ಕ್ಷೌರಿಕ ಕೊನೆಯವರೆಗೂ ಗೊಣಗಿದ. ಮುಂದೆ ತಲೆಬುರುಡೆ ಕೊರೆದವರ ಕೆಲಸದಲ್ಲಿ ಮಾತ್ರ ಅವನು ತಪ್ಪು ಹುಡುಕಲಿಲ್ಲ. ನೋವಾಗದಂತೆ ಸೂಜಿ ಚುಚ್ಚಿ, ಎಚ್ಚರವಾಗಿಯೇ ಮಲಗಿಸಿ, ಕೈಗೆ ಪೆನ್ನು ಕೊಟ್ಟು ಸುರುಳಿ ಬರೆಯಲು ಹೇಳಿದರು. ಕೋಳಿ ಕೆದರಿದಂತಿದ್ದ ಗೆರೆ, ಕರೆಂಟು ಹರಿದೊಡನೆ ದುಂಡಗಾಯಿತು. ತನ್ನ ಕೈಯನ್ನು ನೋಡುತ್ತ ಅವನು ಗಳಗಳನೆ ಅತ್ತುಬಿಟ್ಟ. ಸಾವರಿಸಿಕೊಂಡು ಡಾಕ್ಟರಮ್ಮನಿಗೆ ಒಂದು ಜೋಕು ಹೇಳಲು ಹೋದ. ನಾಲಿಗೆ ಹೊರಳಲಿಲ್ಲ. ಬಾಯಿತುಂಬ ಹತ್ತಿ ತುರುಕಿದಂತೆ ಒಂದೊಂದು ಅಕ್ಷರವೂ ಅಲ್ಲಲ್ಲೇ ಮುದ್ದೆಯಾಯಿತು.

ಆಮೇಲೆ ಎಷ್ಟು ಸಲ ತಿದ್ದಿ ತೀಡಿದರೂ ಅಷ್ಟೇ. ಕರೆಂಟು ಕಡಿಮೆ ಮಾಡಿದರೆ ಕೈ ಕುಣಿಯುತ್ತಿತ್ತು, ಹೆಚ್ಚಿಸಿದರೆ ನಾಲಿಗೆ ಮಲಗುತ್ತಿತ್ತು. “ಕೆಲಸಕ್ಕೆ ಆನ್ ಮಾಡಿಕೊಳ್ಳಿ, ಮಾತಿಗೆ ಆಫ್ ಮಾಡಿಕೊಳ್ಳಿ” ಎಂದು ಡಾಕ್ಟರಮ್ಮ ರಿಮೋಟು ಕೊಟ್ಟು ಕಳಿಸಿದರು.

ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಗುಂಡಿ ಒತ್ತಲು ಆ ನಡುಗುವ ಬೆರಳಿಗೆ ಗುರಿ ಸಿಗುತ್ತಿರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು. ರಿಮೋಟು ಕುರ್ಚಿಯಲ್ಲಿ ಕೂತ ಗಿರಾಕಿಯ ಕೈಯಲ್ಲಿ. ಮೊದಲು ಕಥೆ, ಆಮೇಲೆ ಗಿರಾಕಿ ಗುಂಡಿ ಒತ್ತಬೇಕು, ಆಮೇಲೆ ಕ್ಷೌರ. ಮೊದಮೊದಲು ಜನ ಸಂಕೋಚದಿಂದ ಸ್ವಲ್ಪ ಹೊತ್ತು ಕೇಳಿದರು. ಬರಬರುತ್ತ ಕೂತ ತಕ್ಷಣ ಒತ್ತತೊಡಗಿದರು. ಬಿಟ್ಟುಹೋದವರು ಮರಳಿ ಬಂದರು, ಹೊಸಬರೂ ಬಂದರು, ಬೆಂಚು ಭರ್ತಿಯಾಯಿತು. ಇಷ್ಟು ವರ್ಷ ತನ್ನ ಮಾತಿಗೆ ಜನ ಬರುತ್ತಿದ್ದರೋ, ಮಾತು ಸಹಿಸಿಕೊಂಡು ಬರುತ್ತಿದ್ದರೋ ಎಂಬ ಅನುಮಾನ ಅವನ ತಲೆಗೆ ಹುಳ ಬಿಟ್ಟಿತು.

ಮನೆಯಲ್ಲಿ ರಿಮೋಟು ಹೆಂಡತಿಯ ವಶ. ಮದುವೆಯಾದಾಗಿನಿಂದ ಅವನ ಬಾಯಿಗೆ ಕಿವಿ ಒತ್ತೆಯಿಟ್ಟಿದ್ದ ಆಕೆಗೆ ದೇವರು ತಡವಾಗಿಯಾದರೂ ಕಣ್ಣುಬಿಟ್ಟಂತಾಗಿತ್ತು. ಆದರೂ ನ್ಯಾಯವಾಗಿಯೇ ನಡೆದುಕೊಂಡಳು. ಊಟಕ್ಕೆ ಆನ್, ಊಟವಾದ ಮೇಲೆ ಆಫ್.

ಆ ನ್ಯಾಯ ತಪ್ಪಿದ್ದು ಅವಳ ತಮ್ಮನ ಮನೆಯಲ್ಲಿ. ಆ ತಮ್ಮ ತನ್ನ ಹೊಸ ಬೀಗರನ್ನು ಊಟಕ್ಕೆ ಕರೆದಿದ್ದ, ಅಕ್ಕ-ಭಾವನನ್ನೂ ಕರೆದಿದ್ದ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತಾಗ ಬೀಗರು ಸುಮ್ಮನಿರಲಾರದೆ, “ಈ ವಯಸ್ಸಲ್ಲೂ ನಿಮ್ಮ ಕೂದಲು ಎಷ್ಟು ದಟ್ಟವಾಗಿದೆ!” ಎಂದು ತಮ್ಮನನ್ನು ಹೊಗಳಿದರು. ಅದು ವಿಗ್ಗು. ಊರಲ್ಲಿ ಅದು ಗೊತ್ತಿದ್ದುದು ಅದನ್ನು ಕತ್ತರಿಸಿ ಕೂರಿಸಿಕೊಟ್ಟ ಭಾವನಿಗೆ, ಮತ್ತೆ ಅಕ್ಕನಿಗೆ. ಕ್ಷೌರಿಕನ ಕಣ್ಣು ಮಿನುಗಿತು.

“ಆ ಕೂದಲಿಗೆ ಒಂದು ದೊಡ್ಡ ಕಥೆ ಇದೆ, ಬೀಗರೇ. ಒಂದಿನ ಇವನು ಟೋಪಿ ಹಾಕ್ಕೊಂಡು ನಮ್ಮಂಗಡಿಗೆ ಬಂದ...”

ಹೆಂಡತಿ ಸೆರಗಿನಡಿಯಲ್ಲೇ ಗುಂಡಿ ಒತ್ತಿದಳು. “ಬಂದು... ಟೋಫಿ... ಥೆಗೆದ್ರೆ...” ಎಂದು ಅವನ ಮಾತು ಉರುಳಿಬಿತ್ತು.

ಸಿಕ್ಕಿದ್ದೇ ಚಾನ್ಸು ಎಂದು ತಮ್ಮ, “ಪಾಪ, ಭಾವ ಬರೋವಾಗಲೇ ಸ್ವಲ್ಪ ಹಾಕ್ಕೊಂಡು ಬಂದಿದ್ದಾರೆ” ಎಂದ. ಬೀಗರು ಮುಖ ಸಿಂಡರಿಸಿ ಕುರ್ಚಿ ಹಿಂದೆ ಸರಿಸಿದರು. ಜನ್ಮದಲ್ಲಿ ಹೆಂಡದ ವಾಸನೆ ನೋಡದ ಮನುಷ್ಯ ಹೆಂಡತಿಯ ಮುಖ ನೋಡಿದ. ಆಕೆ ತಲೆ ತಗ್ಗಿಸಿ, ರಿಮೋಟನ್ನು ಸೆರಗಿನಡಿ ಇನ್ನಷ್ಟು ಒಳಕ್ಕೆ ಸರಿಸಿದಳು.

ಅಂದಿನಿಂದ ಅವನು ಯಂತ್ರವನ್ನು ಆಫ್ ಮಾಡಗೊಡಲಿಲ್ಲ. ಅಂಗಡಿಯಲ್ಲೂ ಆನ್, ಮನೆಯಲ್ಲೂ ಆನ್. ಏನು ಕೇಳಿದರೂ ಹ್ಞೂಂ, ಇಲ್ಲವೇ ಊಹ್ಞೂಂ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಿಮೋಟನ್ನೇ ಹಿಂದಕ್ಕೆ ಕೊಟ್ಟುಬಿಡುತ್ತೇನೆ, ಇನ್ನು ಹೀಗೇ ಇರುತ್ತೇನೆ ಎಂದು ಕ್ಯಾಲೆಂಡರಿನ ಅಂಚಿನಲ್ಲಿ ದುಂಡಗೆ ಬರೆದು ತೋರಿಸಿದ.

ಹೆಂಡತಿ ಮೊದಲು ಹಾಯಾಗಿದ್ದಳು. ಆಮೇಲೆ ಗಡಿಯಾರದ ಸದ್ದು ಕೇಳಿಸತೊಡಗಿತು. ಆ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಒಗ್ಗರಣೆ ಸೀದರೆ ಬೈಯುವವರಿಲ್ಲ, ಪಕ್ಕದ ಮನೆಯವರ ಸುದ್ದಿಗೆ ಉಪ್ಪುಖಾರ ಹಚ್ಚುವವರಿಲ್ಲ. ಬೀದಿಯಲ್ಲಿ ಸಿಕ್ಕ ಪೋಸ್ಟ್‌ಮಾಸ್ಟರ್, “ಏನಮ್ಮಾ, ನಿನ್ನ ಗಂಡನ ಬಾಯಿ ಎಲ್ಲಿ ರಿಪೇರಿಗೆ ಕೊಟ್ಟಿದ್ದೀಯ? ನಾನು ಬರೀ ಕೂದಲು ಬೀಳೋದು ನೋಡ್ಕೊಂಡು ಎಷ್ಟು ದಿನ ಅಂತ ಕೂರಲಿ?” ಎಂದು ಜಗಳಕ್ಕೇ ನಿಂತರು. ಮನೆಗೆ ಬಂದವಳಿಗೆ ಅಡುಗೆಮನೆಯಲ್ಲಿ ಅಳು ಬಂತು.

ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಅವನು ಮೇಜಿನ ಮುಂದೆ ಅಲುಗದ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಿದ್ದ. ಆಕೆ ಬಂದು ಲೋಟವನ್ನು ಕಿತ್ತುಕೊಂಡು ಕೆಳಗಿಟ್ಟಳು. ರಿಮೋಟು ಅವನ ಎದೆಗೆ ಹಿಡಿದು ಆಫ್ ಮಾಡಿದಳು. ನೋಡನೋಡುತ್ತಿದ್ದಂತೆ ಕೈಗಳು ಮೇಜಿನ ಮೇಲೆ ಪಟಪಟ ಬಡಿದುಕೊಳ್ಳತೊಡಗಿದವು. ಅವನು ಸಿಟ್ಟಿನಿಂದ ರಿಮೋಟಿಗೆ ಕೈಚಾಚಿದ. ಆ ಕೈಗೆ ಅದು ಎಲ್ಲಿ ಸಿಗಬೇಕು?

“ತಪ್ಪಾಯ್ತು ಕಣ್ರೀ” ಎಂದಳು. “ಆ ವಿಗ್ಗಿನ ಕಥೆ ಅರ್ಧಕ್ಕೇ ನಿಂತಿತ್ತಲ್ಲ, ಹೇಳಿ.”

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಾಲಿಗೆ ಸಡಿಲವಾದದ್ದು ಅವನಿಗೇ ತಿಳಿಯುತ್ತಿತ್ತು, ಆದರೂ ಬಿಗುಮಾನ.

“ನಿನ್ನ ತಮ್ಮನ ಮಾನ ಹೋಗುತ್ತೆ” ಎಂದ ಕೊನೆಗೆ.

“ಹೋಗಲಿ ಬಿಡಿ. ನನ್ನ ಮನೆಯಲ್ಲಿ ಮಾತೇ ಹೋಗಿದೆ.”

ಲೋಟವನ್ನು ಎತ್ತಿ ತಾನೇ ಅವನ ತುಟಿಗೆ ಹಿಡಿದಳು. ಅವನು ಒಂದು ಗುಟುಕು ನುಂಗಿ, “ಒಂದಿನ ಇವನು ಟೋಪಿ ಹಾಕ್ಕೊಂಡು...” ಎಂದು ಮೊದಲಿನಿಂದ ಶುರುಮಾಡಿದ. ಹತ್ತಾರು ಸಲ ಕೇಳಿದ ಕಥೆ. ಆಕೆ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಅವನ ನಡುಗುವ ಕೈ ಹಿಡಿದುಕೊಂಡು ಪೂರ್ತಿ ಕೇಳಿದಳು. ಆಸ್ಪತ್ರೆಯ ಬಸ್ಸು ತಪ್ಪಿಹೋಯಿತು.