ಹುರುಳಿ ಬಡಿದ ಇಂಗ್ಲಿಷ್ ಬ್ಯಾಟು

ಮೊನ್ನೆ ಚಾಮರಾಜನಗರದ ಆಟದ ಸಾಮಾನಿನ ಅಂಗಡಿಯಲ್ಲಿ ಮಗಳಿಗೆ ಬ್ಯಾಟು ನೋಡುತ್ತಿದ್ದೆ. ಹೊಸ ಬ್ಯಾಟುಗಳ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ನನ್ನ ಅಪರಾಧವೊಂದು ನೆನಪಾಗಿ, ಪಕ್ಕದಲ್ಲಿದ್ದ ಅಣ್ಣನ ಮುಖ ನೋಡಲಾಗಲಿಲ್ಲ.

ಆಗ ನಮ್ಮದು ತೆರಕಣಾಂಬಿ. ಅಣ್ಣ ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಮಾತ್ರ ಬ್ಯಾಟ್ಸ್‌ಮನ್. ಅವನದೊಂದು ಕಾಶ್ಮೀರಿ ವಿಲ್ಲೋ ಮರದ ಬ್ಯಾಟಿತ್ತು: ಕಂದು, ಒರಟು, ತೂಕದಲ್ಲಿ ಒನಕೆಯ ತಮ್ಮ. ಚಾಮರಾಜನಗರದವರ ಮೇಲಿನ ಪಂದ್ಯಕ್ಕೆಂದು ಅವನ ಸಾಹೇಬರು ತಮ್ಮ ಹೊಚ್ಚಹೊಸ ಇಂಗ್ಲಿಷ್ ವಿಲ್ಲೋ ಕೊಟ್ಟಿದ್ದರು. ಅದು ಬೆಳ್ಳಗೆ, ಹಗುರ, ಮೈಮೇಲೆ ಸ್ಕೇಲಿಟ್ಟು ಎಳೆದಂಥ ಗೆರೆಗಳು. ಎರಡೂ ಒಂದೇ ಕುಲದ ಮರಗಳಂತೆ, ನಾನೂ ನಮ್ಮ ದೊಡ್ಡಪ್ಪನ ಮಗಳೂ ಇದ್ದ ಹಾಗೆ. ಯಾರು ಒರಟು ಎಂದು ಕೇಳಬೇಡಿ.

“ಸಾಹೇಬ್ರುದ ಮುಟ್ಬ್ಯಾಡ ಕಣಮ್ಮಿ. ಏನಾರ ಆದ್ರೆ ಅವ್ರಿಗೆ ಮಕ ತೋರ್ಸಕಾಗಲ್ಲ,” ಎಂದು ಅಣ್ಣ ಎರಡನ್ನೂ ಮೂಲೆಗೊರಗಿಸಿದ.

ಅದೇ ವಾರ ಅಂಗಳದಲ್ಲಿ ಹುರುಳಿ ಗಿಡ, ನಮ್ಮೂರ ಬಾಯಲ್ಲಿ ಉಳ್ಳಿ, ಒಣಗಿತ್ತು, ಬಡಿಯುವ ಕೋಲು ಮುರಿದಿತ್ತು. “ಆ ಬ್ಯಾಟ್ನಲ್ಲೇ ಬಡಿ ಬುಡು,” ಅಂದಳು ಅವ್ವ. ಮೊದಲು ಕಾಶ್ಮೀರಿಯನ್ನೇ ಎತ್ತಿದೆ, ದೇವರಾಣೆ. ಹತ್ತು ಏಟಿಗೆ ತೋಳು ಸೋತಿತು. ಪಕ್ಕದಲ್ಲೇ ಹಗುರವಾದದ್ದು ನಿಂತಿದೆ. ನೀವಾದರೂ ಏನು ಮಾಡುತ್ತಿದ್ದಿರಿ? ಮೂರು ದಿನ ಅದರಲ್ಲೇ ಬಡಿದೆ. ಶನಿವಾರ ಅದರ ಮೈಯೆಲ್ಲ ಸಣ್ಣ ಸಣ್ಣ ತಗ್ಗು ಕಂಡು ಜೀವ ಬಾಯಿಗೆ ಬಂತು. ಹುಚ್ಚೆಳ್ಳೆಣ್ಣೆ ಸವರಿ, ಒರೆಸಿ, ಸುಮ್ಮನಿದ್ದುಬಿಟ್ಟೆ.

ಭಾನುವಾರ ಅಣ್ಣ ಅದರಲ್ಲೇ ಆಡಿ ಗೆದ್ದು ಬಂದ, ಬ್ಯಾಟು ಸಾಹೇಬರಿಗೆ ಮರಳಿತು. ನನ್ನ ಭಯ ಮಾತ್ರ ಹೋಗಲಿಲ್ಲ. ಗುಂಡ್ಲುಪೇಟೆಯ ಬಸ್ಸಿನಲ್ಲಿ ಸಾಹೇಬರು ನನ್ನನ್ನು ಕಂಡು ನಕ್ಕಾಗಲೆಲ್ಲ, ಸಿಕ್ಕಿಬಿದ್ದೆ ಎಂದು ಕಿಟಕಿಯತ್ತ ತಿರುಗುತ್ತಿದ್ದೆ. ಅವರಿಗೆ ವರ್ಗವಾಗುವವರೆಗೂ ಇದೇ ಪಾಡು.

ಈಗ ಅಂಗಡಿಯವನು ಹೇಳುತ್ತಿದ್ದ: “ಇಂಗ್ಲಿಷ್ ವಿಲ್ಲೋ ಮೆತ್ತಗಿರುತ್ತೆ ಮೇಡಂ. ಆಡೋಕೆ ಮುಂಚೆ ಮರದ ಸುತ್ತಿಗೇಲಿ ದಿನಗಟ್ಟಲೆ ಬಡಿದು ಹದ ಮಾಡ್ಬೇಕು. ಇಲ್ದಿದ್ರೆ ಸೀಳುತ್ತೆ.”

ಕೇಳಿ, ಮಗಳಿಗೆಂದು ಕೈಗೆತ್ತಿಕೊಂಡಿದ್ದ ಇಂಗ್ಲಿಷ್ ಬ್ಯಾಟನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಅಣ್ಣನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ.

“ಗೊತ್ತು ಕಣಮ್ಮಿ,” ಅಂದ. “ಹಿಡಿ ಸಂದೀಲಿ ಎಲ್ಡು ಉಳ್ಳಿಕಾಳು ಸಿಕ್ಕಿದ್ವು. ಇಷ್ಟು ಚೆನ್ನಾಗಿ ಹದ ಮಾಡ್ದೋರು ಯಾರು ಅಂತ ಸಾಹೇಬ್ರು ಕೇಳುದ್ರು. ನನ್ ತಂಗಿ ಅಂದೆ.”

ಅಷ್ಟು ವರ್ಷ ಹೊಗಳಿಕೆಗೆ ಮುಖ ತಿರುಗಿಸಿ ಕೂತಿದ್ದೆನಲ್ಲ ಎಂದು ನಗು ಬಂತು, ಕಣ್ಣೂ ತುಂಬಿತು. ಹದ ಮಾಡಿಕೊಡುತ್ತೇನೆಂದು ಅಂಗಡಿಯವನು ಬ್ಯಾಟಿಗೆ ಕೈ ಚಾಚಿದ.

ನಾನು ಕೊಡಲಿಲ್ಲ. “ಬೇಡಪ್ಪ, ಮನೇಲಿ ನಾನೇ ಬಡೀತೀನಿ,” ಅಂದೆ.